ಮೊದಲೇ ಇದ್ದದ್ದು ಯಾವುದು, ಆಮೇಲೆ ಬಂದದ್ದು ಯಾವುದು? ಆಘಾತ ಕಂಡ ಮಗುವಿನ ಮನಸ್ಸನ್ನು ಪರಿಶೀಲಿಸುವ ಬಗೆ

ಒಬ್ಬ ಹುಡುಗನನ್ನು ಮುಂದಿಟ್ಟುಕೊಂಡು ಶುರು ಮಾಡೋಣ. ಇವನು ನಿಜವಾದ ಹುಡುಗನಲ್ಲ, ವಿಷಯ ಹೇಳೋದಕ್ಕೆ ನಾನೇ ಕಟ್ಟಿಕೊಂಡವನು. ಆದರೆ ಅವನು ಕಂಡ ಮಳೆ ನಿಜ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಅವನಿಗೆ 7 ವರ್ಷ. ಮಡಿಕೇರಿ ಕಡೆಯ ಕಾಫಿ ತೋಟವೊಂದರ ಲೈನ್ ಮನೆಯಲ್ಲಿದ್ದ. ರಾತ್ರೋರಾತ್ರಿ ಮನೆ ಬಿಟ್ಟು ಓಡಿದರು. ಅಜ್ಜಿ ಉಳಿಯಲಿಲ್ಲ. ಕೆಲವು ವಾರ ಪರಿಹಾರ ಕೇಂದ್ರ, ಆಮೇಲೆ ಕುಶಾಲನಗರದಲ್ಲಿ ಬಾಡಿಗೆ ಮನೆ, ಹೊಸ ಶಾಲೆ. 2019ರ ಜೂನ್‌ನಲ್ಲಿ ಅಮ್ಮ ಅವನನ್ನು ಪರಿಶೀಲನೆಗೆ ಕರೆದುಕೊಂಡು ಬರುತ್ತಾರೆ. ಕೈಯಲ್ಲಿ ಟೀಚರ್ ಕೊಟ್ಟ ಚೀಟಿ: "ಒಂದು ಕಡೆ ಕೂರುವುದಿಲ್ಲ. ಪಾಠ ತಲೆಗೆ ಹೋಗುವುದಿಲ್ಲ. ಬೇರೆ ಮಕ್ಕಳಿಗೆ ಹೊಡೆಯುತ್ತಾನೆ." ಅಮ್ಮ ತಮ್ಮದನ್ನೂ ಸೇರಿಸುತ್ತಾರೆ. ರಾತ್ರಿ ಹಾಸಿಗೆ ಒದ್ದೆ, ಬೆಳಗ್ಗೆ ಹೊಟ್ಟೆನೋವು, ಮಳೆ ಜೋರಾದರೆ ಬಾಯಲ್ಲಿ ಮಾತೇ ಇಲ್ಲ.

ಇಲ್ಲಿ ಎರಡು ಸುಲಭದ ದಾರಿಗಳಿವೆ, ಎರಡೂ ತಪ್ಪು. ಚೀಟಿ ಮಾತ್ರ ಓದಿದವರು ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಅಂದುಬಿಡುತ್ತಾರೆ. ಗುಡ್ಡದ ಕಥೆ ಕೇಳಿದವರು "ಪಾಪ, ಎಲ್ಲಾ ಅದರಿಂದಲೇ" ಅಂದು ಫೈಲ್ ಮುಚ್ಚುತ್ತಾರೆ. ಮೊದಲನೆಯ ತಪ್ಪಿನ ಬಗ್ಗೆ ಈಗ ಎಲ್ಲರೂ ಮಾತಾಡುತ್ತಾರೆ. ನನಗೆ ಜಾಸ್ತಿ ಚಿಂತೆ ಎರಡನೆಯದು. ದೊಡ್ಡ ಘಟನೆಯೊಂದು ಎದುರಿಗಿದ್ದರೆ ಅದರ ನೆರಳಲ್ಲಿ ಉಳಿದದ್ದೆಲ್ಲ ಮರೆಯಾಗುತ್ತದೆ. ಆಘಾತ ಕಂಡ ಮಗುವಿಗೆ ಎಡಿಎಚ್‌ಡಿ ಇರಬಾರದು ಅಂತೇನಿಲ್ಲ. ಖಿನ್ನತೆ, ಆತಂಕ, ಫಿಟ್ಸ್, ಕಿವಿ ಸೋರುವುದು, ಏನು ಬೇಕಾದರೂ ಜೊತೆಗಿರಬಹುದು.

ಈ ಲೇಖನ ಶಾಲಾ ಕೌನ್ಸೆಲರ್‌ಗಳಿಗೆ, ಮನಶ್ಶಾಸ್ತ್ರ ಓದುತ್ತಿರುವವರಿಗೆ, ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ. ಅಪ್ಪ ಅಮ್ಮ ಓದಿದರೂ ಒಳ್ಳೆಯದೇ. ಒಳಗೆ ಏನು ನಡೆಯುತ್ತದೆ, ಏನು ಕೇಳಬೇಕು ಅಂತ ಗೊತ್ತಾಗುತ್ತದೆ. ಕೊನೆಗೆ ರೋಗದ ಹೆಸರು ಹೇಳುವ ಕೆಲಸ ಮಾತ್ರ ಮಕ್ಕಳ ಮನೋವೈದ್ಯರದ್ದು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್‌ದು.

ಮೊದಲು: ಮಗು ಇವತ್ತು ಸುರಕ್ಷಿತವಾಗಿದೆಯಾ?

ಯಾವ ಫಾರಂ ತೆಗೆಯುವ ಮುಂಚೆಯೂ ಇದು. ಘಟನೆ ಮುಗಿದಿದೆಯಾ, ಇನ್ನೂ ನಡೀತಾ ಇದೆಯಾ? ಗುಡ್ಡ ಒಂದು ಸಾರಿ ಕುಸಿಯುತ್ತದೆ. ಮನೆಯೊಳಗಿನ ಹೊಡೆತ ದಿನಾ ಇರುತ್ತದೆ. ದಿನಾ ಹೊಡೆಸಿಕೊಳ್ಳುವ ಮಗು ಸದಾ ಎಚ್ಚರವಾಗಿದ್ದರೆ ಅದು ರೋಗಲಕ್ಷಣ ಅಲ್ಲ, ಬದುಕಿಕೊಳ್ಳುವ ಬುದ್ಧಿ. ಅಂಥ ಮಗುವಿಗೆ ಮೊದಲು ಬೇಕಾದದ್ದು ರಕ್ಷಣೆ.

ಲೈಂಗಿಕ ದೌರ್ಜನ್ಯದ ಅನುಮಾನ ಬಂದರೆ ನಿಮ್ಮ ಪಾತ್ರ ಬದಲಾಗುತ್ತದೆ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಕೌನ್ಸೆಲರ್‌ಗೂ ವೈದ್ಯರಿಗೂ ವಿನಾಯಿತಿ ಇಲ್ಲ. ಆದ್ದರಿಂದ "ಯಾರಿಗೂ ಹೇಳಲ್ಲ" ಅಂತ ಮಗುವಿಗೆ ಮಾತು ಕೊಡಬೇಡಿ. "ನಿನ್ನ ಕಾಪಾಡೋದಕ್ಕೆ ಕೆಲವರಿಗೆ ಹೇಳಬೇಕಾಗುತ್ತೆ, ಹೇಳುವಾಗ ನಿನಗೂ ತಿಳಿಸ್ತೀನಿ" ಅನ್ನಿ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಡಿ. ನೀವು ತಿದ್ದಬೇಡಿ, ಕೆದಕಬೇಡಿ, ತನಿಖೆಗೆ ಇಳಿಯಬೇಡಿ. ಮಕ್ಕಳ ಸಹಾಯವಾಣಿ 1098.

ಎಷ್ಟು ದಿನ ಆಯ್ತು?

ಮೊದಲ ಕೆಲವು ವಾರ ಬೆಚ್ಚಿ ಬೀಳುವುದು, ಅಮ್ಮನ ಸೆರಗು ಬಿಡದಿರುವುದು, ನಿದ್ದೆ ಕೆಡುವುದು ಮಾಮೂಲು. ಬಹಳ ಮಕ್ಕಳು ತಾವಾಗೇ ಚೇತರಿಸಿಕೊಳ್ಳುತ್ತಾರೆ. ಅಮೆರಿಕದ ಮನೋವೈದ್ಯರ ರೋಗನಿರ್ಣಯದ ಕೈಪಿಡಿ ಡಿಎಸ್‌ಎಂ-5 ಪ್ರಕಾರ ಘಟನೆಯಾದ 3 ದಿನದಿಂದ 1 ತಿಂಗಳವರೆಗಿನ ತೀವ್ರ ತೊಂದರೆಗೆ ಬೇರೆ ಹೆಸರೇ ಇದೆ: ಅಕ್ಯೂಟ್ ಸ್ಟ್ರೆಸ್ ಡಿಸಾರ್ಡರ್. ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ಮನೋರೋಗ, ಅನ್ನಬೇಕಾದರೆ ಲಕ್ಷಣಗಳು 1 ತಿಂಗಳು ದಾಟಿರಬೇಕು. ಆ ಮೊದಲ ತಿಂಗಳಲ್ಲಿ ಮಗುವನ್ನು ಕೂರಿಸಿಕೊಂಡು "ಏನು ನೋಡಿದೆ, ಎಲ್ಲಾ ಹೇಳು" ಅಂತ ಬಲವಂತ ಮಾಡುವುದರಿಂದ ಉಪಕಾರವಿಲ್ಲ. ನಿದ್ದೆಗೆ ಅಂತ ಬೆಂಜೊಡಯಜಪೀನ್ ಗುಂಪಿನ ಮಾತ್ರೆ ಕೊಡುವುದನ್ನೂ ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಬೇಡ ಅನ್ನುತ್ತದೆ. ಊಟ, ನಿದ್ದೆ, ಗೊತ್ತಿರುವ ಮುಖಗಳು, ಆಟ. ಆಗ ಬೇಕಾದದ್ದು ಇಷ್ಟೇ.

ಆದರೆ ಸಾಯುವ ಮಾತು ಬಂದರೆ, ಊಟ ಪೂರ್ತಿ ನಿಂತರೆ, ಮಗು ವಾಸ್ತವದ ಹಿಡಿತ ಕಳೆದುಕೊಂಡ ಹಾಗೆ ಕಂಡರೆ ತಿಂಗಳು ಕಾಯಬೇಡಿ.

ಮೈ ನೋಡಿಸಿ, ಆಮೇಲೆ ಮನಸ್ಸು

ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಕಿವಿ, ಕಣ್ಣು, ರಕ್ತಹೀನತೆ, ಥೈರಾಯ್ಡ್, ತಲೆಗೆ ಪೆಟ್ಟು. ಅಪಘಾತ ಕಂಡ, ಹೊಡೆತ ತಿಂದ ಮಗುವಿಗೆ ತಲೆಪೆಟ್ಟಿನಿಂದಲೇ ಸಿಟ್ಟು, ಮರೆವು ಬಂದಿರಬಹುದು. ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ ಮೂತ್ರದ ಸೋಂಕು, ಸಕ್ಕರೆ ಕಾಯಿಲೆ ಎರಡನ್ನೂ ಪರೀಕ್ಷಿಸಿ. ಮೂಗು ಕಟ್ಟಿ ಗೊರಕೆ ಹೊಡೆಯುವ ಮಗು ಹಗಲಿನಲ್ಲಿ ಮಂಕಾಗಿರುತ್ತದೆ ಅಥವಾ ಕುಣಿದಾಡುತ್ತದೆ.

ನಮ್ಮ ಹುಡುಗನಿಗೆ ಪರಿಹಾರ ಕೇಂದ್ರದಲ್ಲಿದ್ದಾಗಿನಿಂದ ಎಡಗಿವಿ ಸೋರುತ್ತಿದೆ. ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ. ಪಾಠ ತಲೆಗೆ ಹೋಗದಿರುವುದಕ್ಕೆ ಒಂದು ಕಾರಣ ಅಲ್ಲೇ ಸಿಕ್ಕಿತು, ಅಲ್ವಾ?

ಹಾಳೆ, ಗೆರೆ, ಕೆಂಪು ಪೆನ್ನು

ನನ್ನ ಪ್ರಕಾರ ಇಡೀ ಪರಿಶೀಲನೆಯಲ್ಲಿ ಇದೇ ಮುಖ್ಯ, ಖರ್ಚೂ ಇಲ್ಲ. ಉದ್ದನೆಯ ಹಾಳೆಯ ಮೇಲೆ ಅಡ್ಡ ಗೆರೆ ಎಳೆಯಿರಿ. ಎಡತುದಿ ಹುಟ್ಟಿದ ದಿನ, ಬಲತುದಿ ಇವತ್ತು. ಘಟನೆಯ ದಿನಕ್ಕೆ ಕೆಂಪು ಗೆರೆ. ಮೇಲ್ಗಡೆ ಬದುಕಿನಲ್ಲಿ ನಡೆದದ್ದು ಬರೆಯಿರಿ: ಶಾಲೆಗೆ ಸೇರಿದ್ದು, ತಂಗಿ ಹುಟ್ಟಿದ್ದು, ಮನೆ ಬದಲಾಯಿಸಿದ್ದು. ಕೆಳಗಡೆ ಒಂದೊಂದು ತೊಂದರೆಗೂ ಒಂದೊಂದು ಸಾಲು. ಯಾವಾಗ ಶುರು, ಯಾವಾಗ ಏರಿತು, ಯಾವಾಗ ಇಳಿಯಿತು.

ಯಾರಿಗೂ ತಾರೀಖು ನೆನಪಿರುವುದಿಲ್ಲ. ಹಬ್ಬ ಹಿಡಿದು ಕೇಳಿ. "ಹುತ್ತರಿಗೆ ಮುಂಚೆನಾ, ಆಮೇಲಾ?" "ಕಾಫಿ ಕುಯ್ಯೋ ಹೊತ್ತಿಗೆ ಶುರುವಾಗಿತ್ತಾ?" ಹೀಗೆ ಕೇಳಿದರೆ ಅಮ್ಮಂದಿರು ತಿಂಗಳು ಹೇಳಿಬಿಡುತ್ತಾರೆ. ಹಳೆಯ ಅಂಗನವಾಡಿ ಟೀಚರ್‌ಗೆ ಒಂದು ಫೋನ್ ಮಾಡಿ. ತಾಯಿ ಕಾರ್ಡ್, ಹಳೆ ಅಂಕಪಟ್ಟಿ ಇದ್ದರೆ ನೋಡಿ. ಗುಡ್ಡದ ಜೊತೆ ಅವೂ ಹೋಗಿದ್ದರೆ ಅತ್ತೆ ಚಿಕ್ಕಮ್ಮಂದಿರನ್ನು ಕೇಳಿ.

ಹುಡುಗನ ಹಾಳೆಯಲ್ಲಿ ಬಂದದ್ದು ಹೀಗೆ. ಹಾಸಿಗೆ ಒದ್ದೆ 4 ವರ್ಷಕ್ಕೇ ನಿಂತಿತ್ತು, ಪರಿಹಾರ ಕೇಂದ್ರದಲ್ಲಿ ಮತ್ತೆ ಶುರು. ಅಂದರೆ ಕೆಂಪು ಗೆರೆಯ ಬಲಕ್ಕೆ. ಒಂದು ಕಡೆ ಕೂರದಿರುವುದು ಮಾತ್ರ ಅಂಗನವಾಡಿಯಿಂದಲೂ ಇದೆ. "ಇವನನ್ನು ಹಿಡಿದು ಕೂರಿಸೋಕೆ ಒಬ್ಬ ಆಳು ಬೇಕು" ಅಂತ ಆಗಲೇ ಹೇಳುತ್ತಿದ್ದರಂತೆ. ಚಪ್ಪಲಿ, ರಬ್ಬರು, ಟಿಫಿನ್ ಡಬ್ಬಿ ಕಳೆಯುವುದು ಒಂದನೇ ಕ್ಲಾಸಿನಿಂದಲೂ ಇತ್ತು. ಇದು ಕೆಂಪು ಗೆರೆಯ ಎಡಕ್ಕೆ. ಹೊಡೆದಾಟ ಶುರುವಾದದ್ದು ಜನವರಿಯಲ್ಲಿ. ಜನವರಿಯಲ್ಲಿ ಏನಾಯಿತು? ಕ್ಲಾಸಿನ ಹುಡುಗರು ಅವನನ್ನು "ಕ್ಯಾಂಪ್" ಅಂತ ಕರೆಯಲು ಶುರು ಮಾಡಿದ್ದರು. ಅಪ್ಪನ ಕುಡಿತ ಜಾಸ್ತಿಯಾದದ್ದೂ ಆಗಲೇ. ಇದನ್ನು ಚೀಟಿ ಬರೆದ ಟೀಚರ್‌ಗೆ ಯಾರೂ ಹೇಳಿರಲಿಲ್ಲ.

ಯಾರನ್ನು, ಹೇಗೆ ಕೇಳಬೇಕು?

ಮಗುವನ್ನು ಒಬ್ಬನೇ, ಅಪ್ಪ ಅಮ್ಮನನ್ನು ಬೇರೆಯಾಗಿ, ಟೀಚರ್‌ನ್ನು ಇನ್ನೊಮ್ಮೆ. ಹೊರಗೆ ಕಾಣುವುದನ್ನು, ಅಂದರೆ ಹೊಡೆತ, ಹಠ, ಓಡಾಟವನ್ನು ದೊಡ್ಡವರು ಚೆನ್ನಾಗಿ ಹೇಳುತ್ತಾರೆ. ಒಳಗಿನದನ್ನು ಮಗುವೇ ಹೇಳಬೇಕು. ಕೆಟ್ಟ ಕನಸು, ನಾಚಿಕೆ, "ನನ್ನಿಂದಲೇ ಹೀಗಾಯ್ತು" ಅನ್ನುವ ಭಾವ ಬಹಳ ಸಲ ಮನೆಯವರಿಗೆ ಗೊತ್ತೇ ಇರುವುದಿಲ್ಲ. ಅಮ್ಮ ತಾನೇ ಅದೇ ರಾತ್ರಿ ಕಂಡವಳು. ಅವಳ ನಿದ್ದೆ ಹೇಗಿದೆ ಅಂತಲೂ ಕೇಳಿ.

ಭಾಷೆ ಮರೆಯಬೇಡಿ. ಕೊಡಗಿನಲ್ಲಿ ಮನೆಮಾತು ಕೊಡವ ತಕ್ಕ್ ಇರಬಹುದು, ಅರೆಭಾಷೆ, ತುಳು, ಮಲಯಾಳ, ತಮಿಳು ಇರಬಹುದು. ಶಾಲೆಯ ಕನ್ನಡದಲ್ಲಿ ಪಾಠ ಒಪ್ಪಿಸುವ ಮಗು ಭಯವನ್ನು ಮನೆಮಾತಿನಲ್ಲೇ ಹೇಳುತ್ತದೆ. ನಿಮಗೆ ಬರದಿದ್ದರೆ ಬರುವವರನ್ನು ಜೊತೆಗಿಟ್ಟುಕೊಳ್ಳಿ, ಆದರೆ ನೆಂಟರನ್ನು ಬೇಡ.

"ಯಾಕೆ ಹೊಡೆದೆ?" ಅಂತ ಕೇಳಿದರೆ ಮಗು ಅದನ್ನು ಬೈಗುಳ ಅಂದುಕೊಳ್ಳುತ್ತದೆ. "ಹೊಡೆಯೋ ಮುಂಚೆ ಏನಾಯ್ತು ಪುಟ್ಟ?" ಅಂದರೆ ಕಥೆ ಬರುತ್ತದೆ. ಚಿಕ್ಕ ಮಕ್ಕಳಿಗೆ ಮಾತಿಗಿಂತ ಆಟ ಒಳ್ಳೆಯದು. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಚೌಚಿಲಾ ಊರಿನಲ್ಲಿ 26 ಮಕ್ಕಳಿದ್ದ ಶಾಲಾ ಬಸ್ಸನ್ನೇ ಅಪಹರಿಸಿದ್ದರು. ಎಲ್ಲರೂ ಜೀವಂತ ಪಾರಾದರು. ಆ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಮನೋವೈದ್ಯೆ ಲೆನೋರ್ ಟೆರ್, ಅವರ ಆಟದ ಬಗ್ಗೆ ಬರೆದದ್ದು ಇಂದಿಗೂ ಉಪಯೋಗಕ್ಕೆ ಬರುತ್ತದೆ. ಮಾಮೂಲಿ ಆಟದಲ್ಲಿ ಖುಷಿ ಇರುತ್ತದೆ, ಕಥೆ ಬದಲಾಗುತ್ತಾ ಹೋಗುತ್ತದೆ. ಆಘಾತದ ಆಟ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ, ಮಗುವಿಗೆ ಸಮಾಧಾನ ಸಿಗುವುದಿಲ್ಲ. ಮರಳಿನಲ್ಲಿ ಮನೆ ಕಟ್ಟಿ, ಮಣ್ಣು ಸುರಿದು ಮುಚ್ಚಿ, ಮತ್ತೆ ಕಟ್ಟಿ, ಮತ್ತೆ ಮುಚ್ಚುವ ಮಗುವನ್ನು ನೋಡಿದರೆ ಗೊತ್ತಾಗುತ್ತದೆ.

6 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಡಿಎಸ್‌ಎಂ-5 ಬೇರೆ ಅಳತೆಯನ್ನೇ ಇಟ್ಟಿದೆ, ಯಾಕೆಂದರೆ "ಲೋಕವೇ ಕೆಟ್ಟದ್ದು" ಅನ್ನುವಂಥ ಯೋಚನೆಯನ್ನು ಆ ವಯಸ್ಸು ಮಾತಿನಲ್ಲಿ ಹೇಳಲಾರದು. ದೊಡ್ಡ ಮಕ್ಕಳಲ್ಲಿ ನಾಲ್ಕು ಗುಂಪು ನೋಡುತ್ತೇವೆ: ಘಟನೆ ಮತ್ತೆ ಮತ್ತೆ ನುಗ್ಗಿ ಬರುವುದು, ನೆನಪಿಸುವುದನ್ನೆಲ್ಲ ತಪ್ಪಿಸಿಕೊಳ್ಳುವುದು, ಯೋಚನೆ ಮತ್ತು ಮನಸ್ಸು ಕುಗ್ಗುವುದು, ಸದಾ ಎಚ್ಚರ. 2022ರಲ್ಲಿ ಜಾರಿಗೆ ಬಂದ, ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11ರಲ್ಲಿ ಕಾಂಪ್ಲೆಕ್ಸ್ ಪಿಟಿಎಸ್‌ಡಿಯೂ ಇದೆ. ಅಂದರೆ ಪಿಟಿಎಸ್‌ಡಿಯ ಜೊತೆಗೆ ಭಾವನೆ ಹಿಡಿತಕ್ಕೆ ಬಾರದಿರುವುದು, ತಾನು ಕೆಲಸಕ್ಕೆ ಬಾರದವನು ಅನ್ನಿಸುವುದು, ಯಾರ ಜೊತೆಗೂ ಹೊಂದಿಕೊಳ್ಳಲಾಗದಿರುವುದು. ವರ್ಷಗಟ್ಟಲೆ ಹಿಂಸೆ ಕಂಡ ಮಕ್ಕಳಲ್ಲಿ ಇದನ್ನು ಹುಡುಕಿ.

ಒಂದೇ ಥರ ಕಾಣುವ ಜೋಡಿಗಳು

ಎಡಿಎಚ್‌ಡಿ ಮತ್ತು ಸದಾ ಎಚ್ಚರ. ಎರಡರಲ್ಲೂ ಗಮನ ನಿಲ್ಲುವುದಿಲ್ಲ, ಕಾಲು ಸುಮ್ನಿರುವುದಿಲ್ಲ, ನಿದ್ದೆ ಕೆಟ್ಟಿರುತ್ತದೆ. ಎಡಿಎಚ್‌ಡಿ ಮಗುವಿನ ಗಮನ ಹೊಸ ಹೊಸ ವಸ್ತುವಿನ ಕಡೆ ಹಾರುತ್ತದೆ. ಹೆದರಿದ ಮಗುವಿನ ಗಮನ ಬಾಗಿಲು, ಕಿಟಕಿ, ದೊಡ್ಡವರ ಮುಖದ ಕಡೆ ಹೋಗುತ್ತದೆ. ಎಡಿಎಚ್‌ಡಿಯ ಲಕ್ಷಣ 12 ವರ್ಷಕ್ಕೆ ಮುಂಚೆಯೇ, ಎರಡಾದರೂ ಜಾಗಗಳಲ್ಲಿ ಕಾಣಬೇಕು. ಹಾಳೆ ಇಲ್ಲದೆ ಇದನ್ನು ಹೇಳಲು ಬರುವುದಿಲ್ಲ. ನಮ್ಮ ಹುಡುಗನಲ್ಲಿ ಎರಡೂ ಇವೆ. ಬಿಸಿಲಿನ ದಿನ ಕಾಗೆ ನೋಡುತ್ತಾ ಕೂರುತ್ತಾನೆ, ಮೋಡ ಕವಿದ ದಿನ ಛಾವಣಿ ನೋಡುತ್ತಾನೆ.

ಖಿನ್ನತೆ ಮತ್ತು ದುಃಖ. ಮಕ್ಕಳ ಖಿನ್ನತೆ ಅಳುವಿನ ರೂಪದಲ್ಲೇ ಬರಬೇಕಾಗಿಲ್ಲ, ಸಿಡುಕಾಗಿಯೂ ಬರುತ್ತದೆ. ಪಿಟಿಎಸ್‌ಡಿ ಮಗು ನೆನಪು ತರುವ ಜಾಗದಿಂದ ಓಡುತ್ತದೆ, ಬೇರೆ ಕಡೆ ಆಡಬಲ್ಲದು. ಖಿನ್ನತೆಯಲ್ಲಿ ಕ್ರಿಕೆಟ್ಟೂ ಬೇಡ, ಟಿವಿಯೂ ಬೇಡ. ದುಃಖದಲ್ಲಿ ಹಂಬಲ ಇರುತ್ತದೆ: ಅಜ್ಜಿ ಬೇಕು. ಮಗುವಿಗೆ ಅಜ್ಜಿ ನೆನಪಾದಾಗಲೆಲ್ಲ ಅವಳು ಸತ್ತ ರಾತ್ರಿಯೇ ಕಣ್ಣ ಮುಂದೆ ಬಂದರೆ, ದುಃಖವೂ ಆಘಾತವೂ ಹೆಣೆದುಕೊಂಡಿವೆ ಅಂತ ತಿಳಿಯಿರಿ.

ಧ್ವನಿ ಕೇಳುವುದು. "ಅಜ್ಜಿ ಕರೀತಾರೆ" ಅಂದ ಕೂಡಲೇ ಸೈಕೋಸಿಸ್ (ವಾಸ್ತವದ ಹಿಡಿತ ತಪ್ಪುವ ಕಾಯಿಲೆ) ಅನ್ನಬೇಡಿ. ತೀರಿಕೊಂಡವರ ದನಿ ಕೇಳುವುದು ನಮ್ಮಲ್ಲಿ ದೊಡ್ಡವರಿಗೂ ಅಪರೂಪವಲ್ಲ. ಹೊಡೆದವನ ದನಿ ಕೇಳುವ ಮಕ್ಕಳೂ ಇದ್ದಾರೆ. ದನಿ ಯಾರದ್ದು, ಯಾವಾಗ ಬರುತ್ತದೆ, ಘಟನೆಗೂ ಅದಕ್ಕೂ ಸಂಬಂಧ ಇದೆಯಾ ನೋಡಿ. ಮಾತು ಎತ್ತೆತ್ತಲೋ ಹೋಗುವುದು, ಎಲ್ಲರ ಮೇಲೂ ಸಂಶಯ, ಸ್ನಾನ ಊಟದ ಪರಿವೆ ಇಲ್ಲದಿರುವುದು ಜೊತೆಗಿದ್ದರೆ ಮನೋವೈದ್ಯರಿಗೆ ಬೇಗ ತೋರಿಸಿ.

ಮಂಕು ಕವಿಯುವುದು ಮತ್ತು ಫಿಟ್ಸ್. ಆಬ್ಸೆನ್ಸ್ ಫಿಟ್ಸ್, ಅಂದರೆ ಮೈ ಅದುರದೆ ಕ್ಷಣಕಾಲ ಎಚ್ಚರ ತಪ್ಪುವ ಫಿಟ್ಸ್, ಕೆಲವೇ ಸೆಕೆಂಡು ಇರುತ್ತದೆ, ದಿನಕ್ಕೆ ಹಲವು ಸಲ ಬರುತ್ತದೆ, ಮಾತು ಮಧ್ಯದಲ್ಲೇ ತುಂಡಾಗುತ್ತದೆ, ಮುಟ್ಟಿದರೂ ಎಚ್ಚರ ಬರುವುದಿಲ್ಲ. ಆಘಾತದಿಂದ ಬರುವ ಮಂಕು ಸಾಮಾನ್ಯವಾಗಿ ಜಾಸ್ತಿ ಹೊತ್ತು ಇರುತ್ತದೆ, ಏನೋ ನೆನಪಾದಾಗ ಬರುತ್ತದೆ, ಮೆಲ್ಲಗೆ ಕರೆದರೆ ಮಗು ವಾಪಸು ಬರಬಹುದು. ಮನೆಯವರು ಮೊಬೈಲಿನಲ್ಲಿ ವಿಡಿಯೊ ತೆಗೆದು ತಂದರೆ ಅರ್ಧ ಕೆಲಸ ಮುಗಿಯುತ್ತದೆ. ಅನುಮಾನ ಉಳಿದರೆ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ. ಮೈಮೇಲೆ ಬರುತ್ತದೆ, ಗಾಳಿ ಸೋಕಿದೆ ಅಂತ ಮನೆಯವರು ಹೇಳಿದರೆ ನಗಬೇಡಿ. ತಾಯತ ಕಟ್ಟಿಸಿದ್ದರೆ ಕಟ್ಟಿಸಲಿ. ಯಾವತ್ತು ಕಟ್ಟಿಸಿದರು ಅಂತ ಕೇಳಿ ಹಾಳೆಯಲ್ಲಿ ಬರೆದುಕೊಳ್ಳಿ. ತೊಂದರೆ ಕಣ್ಣಿಗೆ ಬಿದ್ದ ದಿನ ಅದೇ.

ಕಳ್ಳತನ, ಸುಳ್ಳು. ನಮ್ಮ ಹುಡುಗ ದಿಂಬಿನ ಕೆಳಗೆ ಬಿಸ್ಕತ್ ಪ್ಯಾಕೆಟ್ ಬಚ್ಚಿಡುತ್ತಾನೆ. ಮನೆ ಬಿಟ್ಟು ಬರಿಗೈಯಲ್ಲಿ ಓಡಿದ ಮಗುವಿನ ಲೆಕ್ಕ ಅದು. ಇದನ್ನು ನಡತೆಯ ದೋಷ ಅಂತ ಬರೆಯುವ ಮುಂಚೆ ಎರಡು ಸಲ ಯೋಚಿಸಿ.

ಹೊಟ್ಟೆನೋವು. ಭಾನುವಾರ ಇರುವುದಿಲ್ಲ, ಸೋಮವಾರ ಬರುತ್ತದೆ. ಶಾಲೆಯ ಭಯವೋ, ಅಮ್ಮನನ್ನು ಬಿಟ್ಟು ಹೋಗುವ ಭಯವೋ? "ಶಾಲೆಯಲ್ಲಿದ್ದಾಗ ಅಮ್ಮನಿಗೆ ಏನಾಗುತ್ತೆ ಅನ್ಸುತ್ತೆ?" ಅಂತ ಕೇಳಿದರೆ ಹುಡುಗ ಥಟ್ಟನೆ ಹೇಳಿದ: "ನಾನು ಬರೋಷ್ಟರಲ್ಲಿ ಮನೆ ಇರಲ್ಲ." ಅಗಲಿಕೆಯ ಆತಂಕ ಪಟ್ಟಿಗೆ ಸೇರಿತು.

ಹದಿಹರೆಯದವರಲ್ಲಿ ಕುಡಿತ, ತಂಬಾಕು, ವೈಟ್ನರ್ ಸೇದುವುದನ್ನು ಕೇಳಲೇಬೇಕು. ಹುಟ್ಟಿನಿಂದಲೇ ಅನಾಥಾಶ್ರಮಗಳಲ್ಲಿ ಬೆಳೆದ ಪುಟ್ಟ ಮಗು ಗುರುತಿಲ್ಲದವರ ಕೈ ಹಿಡಿದು ಹೊರಟುಬಿಡುತ್ತದೆಯಾ, ಅಥವಾ ಅತ್ತಾಗಲೂ ಯಾರ ಹತ್ತಿರವೂ ಹೋಗುವುದಿಲ್ಲವಾ ಅಂತ ನೋಡಬೇಕು. ಅದು ಬೇರೆಯೇ ದೊಡ್ಡ ವಿಷಯ, ಇಲ್ಲಿ ಬಿಡುತ್ತೇನೆ.

ಸಾಯುವ ಯೋಚನೆಯ ಬಗ್ಗೆ ನೇರವಾಗಿ ಕೇಳಿ. "ಬದುಕಿರೋದೇ ಬೇಡ ಅನ್ಸಿದೆಯಾ? ಏನಾದರೂ ಮಾಡ್ಕೋಬೇಕು ಅನ್ಸಿತ್ತಾ?" ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಅನ್ನುವುದು ಸುಳ್ಳು. ಕೇಳದೆ ಬಿಡುವುದೇ ಅಪಾಯ. ಹೌದು ಅಂದರೆ ಮಗುವನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ತೋಟದ ಔಷಧಿ, ಮಾತ್ರೆ ಕೈಗೆ ಸಿಗದ ಹಾಗೆ ಮಾಡಿಸಿ. ಅವತ್ತೇ ಆಸ್ಪತ್ರೆಗೆ ಕಳಿಸಿ.

ಪ್ರಶ್ನಾವಳಿಗಳು

ಇವು ಸಹಾಯಕ್ಕೆ ಮಾತ್ರ. ಎಸ್‌ಡಿಕ್ಯೂನಲ್ಲಿ 25 ಪ್ರಶ್ನೆಗಳಿವೆ. 1997ರಲ್ಲಿ ರಾಬರ್ಟ್ ಗುಡ್‌ಮನ್ ಪ್ರಕಟಿಸಿದ್ದು. ಅಪ್ಪ ಅಮ್ಮ ಮತ್ತು ಟೀಚರ್ ಇಬ್ಬರಿಗೂ ಬೇರೆ ಬೇರೆ ಹಾಳೆ. 11 ವರ್ಷ ದಾಟಿದವರು ತಾವೇ ತುಂಬಬಹುದು. ಭಾವನೆ, ನಡತೆ, ಚಟುವಟಿಕೆ, ಗೆಳೆತನದ ಒಟ್ಟು ಚಿತ್ರ ಸಿಗುತ್ತದೆ. ಆದರೆ ಅದರಲ್ಲಿ ಆಘಾತದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಅದಕ್ಕೆ 8 ಪ್ರಶ್ನೆಗಳ ಕ್ರೈಸ್-8 ಇದೆ, 8 ವರ್ಷದಿಂದ ಮೇಲಿನವರಿಗೆ. 17 ಅಂಕ ಅಥವಾ ಜಾಸ್ತಿ ಬಂದರೆ ವಿವರವಾಗಿ ನೋಡಬೇಕು. ಹೆಚ್ಚು ವಿವರ ಬೇಕಾದರೆ ಆಘಾತದ್ದೇ ಇನ್ನೊಂದು ಪ್ರಶ್ನಾವಳಿ, ಕ್ಯಾಟ್ಸ್. ಎಡಿಎಚ್‌ಡಿಗೆ ವ್ಯಾಂಡರ್‌ಬಿಲ್ಟ್ ಹಾಳೆಯನ್ನು ಮನೆಗೂ ಶಾಲೆಗೂ ಕೊಡಿ.

ಅಂಕ ನೋಡಿ ರೋಗದ ಹೆಸರು ಬರೆಯಬೇಡಿ. ಅಂಕಗಳು ಜಗಳವಾಡಿದರೆ ಖುಷಿಪಡಿ. ಟೀಚರ್ ಹಾಳೆಯಲ್ಲಿ ಜಾಸ್ತಿ, ಅಮ್ಮನ ಹಾಳೆಯಲ್ಲಿ ಕಡಿಮೆ ಬಂದರೆ ಅದೇ ಮುಂದಿನ ಪ್ರಶ್ನೆ. ಒಂದೇ ದಿನ ಎಲ್ಲಾ ತುಂಬಿಸಬೇಡಿ. ಎರಡು ಮೂರು ಭೇಟಿ ಬೇಕು. ಕೊನೆಯ ಹತ್ತು ನಿಮಿಷ ಯಾವಾಗಲೂ ಆಟಕ್ಕೆ ಇಡಿ, ಮಗು ಆ ರಾತ್ರಿಯ ನೆನಪು ಹೊತ್ತುಕೊಂಡು ಬಸ್ಸು ಹತ್ತಬಾರದು.

ಬರೆಯುವುದು, ಹೇಳುವುದು, ಕಳಿಸುವುದು

ವರದಿಯಲ್ಲಿ ಹೆಸರುಗಳ ಪಟ್ಟಿ ಸಾಲದು. ಯಾವುದು ಮೊದಲೇ ಇತ್ತು, ಯಾವುದು ಆಮೇಲೆ ಬಂತು, ಯಾವುದು ಇನ್ನೂ ಗಾಯ ಕೆರೆಯುತ್ತಿದೆ, ಯಾರ ಆಸರೆ ಇದೆ ಅಂತ ಬರೆಯಿರಿ. ಹುಡುಗನ ವರದಿ ಹೀಗಿತ್ತು: ಪಿಟಿಎಸ್‌ಡಿ ಇದೆ. ಎಡಿಎಚ್‌ಡಿ ಮೊದಲಿನಿಂದಲೂ ಇರುವ ಹಾಗಿದೆ, ಕಿವಿ ಸರಿಯಾದ ಮೇಲೆ ಇನ್ನೊಮ್ಮೆ ಅಳೆಯಬೇಕು. ಅಗಲಿಕೆಯ ಆತಂಕ ಇದೆ. ಖಿನ್ನತೆ ಸದ್ಯಕ್ಕಿಲ್ಲ. ಅಜ್ಜಿಯ ದುಃಖದ ಮೇಲೆ ಕಣ್ಣಿಡಬೇಕು.

ಕೆಲಸದ ಸರದಿಯೂ ಬೇಕು. ಮೊದಲು ಕಿವಿ ಡಾಕ್ಟರು. ಅದೇ ವಾರ ಶಾಲೆಯಲ್ಲಿ "ಕ್ಯಾಂಪ್" ಅನ್ನುವ ಅಡ್ಡಹೆಸರು ನಿಲ್ಲಿಸುವುದು, ಮುಂದಿನ ಬೆಂಚು, ಅಪ್ಪನ ಕುಡಿತಕ್ಕೆ ಚಿಕಿತ್ಸೆಯ ಮಾತು. ಆಮೇಲೆ ಅಮ್ಮನನ್ನೂ ಸೇರಿಸಿಕೊಂಡು ಆಘಾತಕ್ಕೆಂದೇ ಇರುವ ಸಿಬಿಟಿ, ಅಂದರೆ ಯೋಚನೆ ಮತ್ತು ನಡತೆಯ ಮೇಲೆ ಕೆಲಸ ಮಾಡುವ ಮಾತಿನ ಚಿಕಿತ್ಸೆ. ಮಾತ್ರೆ ಬೇಕಾ ಅನ್ನುವುದನ್ನು ಮನೋವೈದ್ಯರು ತೀರ್ಮಾನಿಸುತ್ತಾರೆ. ಮನೆಯವರಿಗೆ ಹೇಳುವಾಗ ಇಂಗ್ಲಿಷ್ ಹೆಸರುಗಳನ್ನು ಸುರಿಯಬೇಡಿ. "ಇವನು ಹಠ ಮಾಡ್ತಿಲ್ಲಮ್ಮ, ಇವನ ಮೈ ಇನ್ನೂ ಆ ರಾತ್ರಿಯಲ್ಲೇ ಇದೆ. ಚುರುಕು ಮಾತ್ರ ಇವನ ಹುಟ್ಟುಗುಣ, ಅದಕ್ಕೂ ದಾರಿ ಇದೆ" ಅಂದರೆ ಅರ್ಥವಾಗುತ್ತದೆ.

ಕಳಿಸುವುದಾದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್. ಫೋನಿನಲ್ಲಿ ಕೇಳಬೇಕಾದರೆ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಒಂದು ಸಲ ನೋಡಿದ್ದು ಸಾಲುವುದಿಲ್ಲ. ಮೂರು ತಿಂಗಳಿಗೊಮ್ಮೆಯಾದರೂ ಹಾಳೆ ಮತ್ತೆ ಬಿಚ್ಚಿ. 2019ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಮತ್ತೆ ಗುಡ್ಡ ಕುಸಿಯಿತು. ನಮ್ಮ ಹುಡುಗನ ಮನೆ ಈ ಸಲ ದೂರವಿತ್ತು, ಏನೂ ಆಗಲಿಲ್ಲ. ಆದರೂ ಹಾಳೆಯಲ್ಲಿ ಎರಡನೇ ಕೆಂಪು ಗೆರೆ ಎಳೆಯಬೇಕಾಯಿತು. ಜುಲೈನಲ್ಲಿ ನಿಂತಿದ್ದ ಹಾಸಿಗೆ ಒದ್ದೆ ಆ ವಾರ ಮತ್ತೆ ಬಂತು, ಮಳೆ ಇಳಿದ ಮೇಲೆ ತಾನೂ ಇಳಿಯಿತು. ಒಂದು ಕಡೆ ಕೂರದಿರುವ ಸಾಲು ಮಾತ್ರ ಅಂಗನವಾಡಿಯಿಂದ ಆಗಸ್ಟ್‌ವರೆಗೆ, ಕಿವಿ ಒಣಗಿದ ಮೇಲೂ, ಎರಡೂ ಕೆಂಪು ಗೆರೆಗಳನ್ನು ದಾಟಿ ನೇರ ಹೋಗಿತ್ತು. ವ್ಯಾಂಡರ್‌ಬಿಲ್ಟ್ ಹಾಳೆಯನ್ನು ಟೀಚರ್‌ಗೆ ಎರಡನೇ ಸಲ ಕೊಟ್ಟದ್ದು ಆಗ.